ನೀರಿನ ಚೀಲದಲ್ಲಿ ಕಡಗೋಲು

ವಯಸ್ಸಾದಂತೆ ಮನುಷ್ಯನ ದೋಷಗಳು ತಾವಾಗಿಯೇ ಕಡಿಮೆಯಾಗುತ್ತವೆಂದು ನಾನು ಬಹುಕಾಲ ನಂಬಿದ್ದೆ. ಈಚೆಗೆ ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ. ದೋಷಗಳು ಇದ್ದಷ್ಟೇ ಇರುತ್ತವೆ. ಅವನ್ನು ಎತ್ತಿ ಆಡುವವರ ಸಂಖ್ಯೆ ಮಾತ್ರ ಇಳಿಯುತ್ತ ಹೋಗುತ್ತದೆ. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತಾರು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು. ಇತರರ ತಪ್ಪು ಹುಡುಕುವುದು ನನ್ನ ವೃತ್ತಿಯಾಗಿತ್ತು. ನನ್ನದನ್ನು ಹುಡುಕಿಸಿಕೊಳ್ಳುವ ಅಭ್ಯಾಸವಿರಲಿಲ್ಲ. ಅದರಲ್ಲೂ ಶುಚಿತ್ವದ ವಿಷಯದಲ್ಲಿ ನನಗಿದ್ದ ಅಭಿಮಾನ ಸಣ್ಣದಲ್ಲ. ಬೆಳಗಿನ ತಣ್ಣೀರು ಸ್ನಾನ, ಮಡಿಪಂಚೆ, ಹುಣಿಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೆಂಬು, ತುಟಿಗೆ ತಾಗಿಸದೆ ಎತ್ತಿ ಕುಡಿಯುವ ನೀರು, ಇವುಗಳಲ್ಲಿ ಉಪನಯನವಾದಂದಿನಿಂದ ಲೋಪ ಬಂದಿಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳಬಲ್ಲವನಾಗಿದ್ದೆ. ಅಂಥ ನಾನು, ಈ ಸಿಂಗಪುರದಲ್ಲಿ, ನನ್ನ ಸ್ವಂತ ಬೆನ್ನಿನ ಮೇಲೆಯೇ, ಮೂರು ವಾರಗಳ ಕಾಲ ಬೂಷ್ಟನ್ನು ಹೊತ್ತು ತಿರುಗಿದೆ. ಹೊತ್ತದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಕುಡಿದೆ. ಇದನ್ನು ಬರೆಯುವಾಗ ನಾಚಿಕೆಯಾಗಬೇಕಾದಷ್ಟು ಆಗುತ್ತಿಲ್ಲ, ಏಕೆಂದರೆ ಆ ಬೂಷ್ಟಿನಿಂದ ನನಗೆ ಒದಗಿದ ಉಪಕಾರ ದೊಡ್ಡದು. ಅದನ್ನು ಕ್ರಮವಾಗಿ ನಿವೇದಿಸುತ್ತೇನೆ.

ನಾನು ಮತ್ತು ನನ್ನ ಪತ್ನಿ ಜಾನಕಿ ಇರುವುದು ಮಗಳು ಸುಧಾಳ ಮನೆಯಲ್ಲಿ, ಸೆಂಗ್‌ಕಾಂಗ್‌ನ ಹದಿನಾಲ್ಕನೆಯ ಮಹಡಿಯಲ್ಲಿ. ನಾವು ಬಂದಾಗ ಸೆಂಗ್‌ಕಾಂಗ್ ಇನ್ನೂ ಹೊಸದು. ಕಿಟಕಿಯಲ್ಲಿ ನಿಂತರೆ ಮನೆಗಳಿಗಿಂತ ಕ್ರೇನುಗಳೇ ಹೆಚ್ಚಾಗಿ ಕಾಣುತ್ತಿದ್ದವು. ಮನೆ ಸೊಗಸಾಗಿದೆ, ಗಾಳಿಯಿದೆ, ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಕೊರತೆ ಒಂದೇ: ಪೂರ್ವದ ಕಡೆಗಿರುವ ಒಂದೇ ಒಂದು ಕಿಟಕಿಗೆ ಅಡ್ಡಲಾಗಿ ಇನ್ನೊಂದು ಕಟ್ಟಡ ನಿಂತಿದೆ. ಮೊದಮೊದಲು ಆ ಕಿಟಕಿಯ ಮುಂದೆ ಕುಳಿತು ತಟ್ಟೆಯಲ್ಲಿ ಅರ್ಘ್ಯ ಬಿಡುತ್ತಿದ್ದೆ. ಎದುರಿಗೆ ದರ್ಶನವಾಗುತ್ತಿದ್ದುದು ಬಿದಿರುಗಳುಗಳ ಮೇಲೆ ಒಣಗಹಾಕಿದ ಯಾರದೋ ಒಳಉಡುಪುಗಳು. ಸೂರ್ಯನಾರಾಯಣ ಸರ್ವಾಂತರ್ಯಾಮಿ ಎಂಬುದನ್ನು ನಾನು ಪಾಠ ಹೇಳಿದ್ದೇನೆ. ಆದರೂ ಎಷ್ಟೆಂದು ಅನುಸಂಧಾನ ಮಾಡಲಿ? ಒಂದು ಭಾನುವಾರ ಸುಧಾ ನಮ್ಮನ್ನು ಪಾಸಿರ್ ರಿಸ್‌ನ ಸಮುದ್ರತೀರದ ಉದ್ಯಾನಕ್ಕೆ ಕರೆದುಕೊಂಡು ಹೋದಳು. ಈ ಊರಿನಲ್ಲಿ ಸೂರ್ಯನೂ ನಿಧಾನಸ್ಥ, ಏಳುವುದು ಏಳು ಗಂಟೆಗೆ. ನೀರಿನ ಅಂಚಿನಲ್ಲಿ ನಿಂತು ಮೂಡಣಕ್ಕೆ ತಿರುಗಿದೆ. ಮೋಡದ ಕೆಳಗಿನಿಂದ ಕೆಂಪು ಬಿಂಬ ಮೇಲೆದ್ದು, ಕಾಲಬುಡದ ಅಲೆಯವರೆಗೂ ಒಂದು ದಾರಿ ಹಾಸಿತು. ನನ್ನ ಕೈಯಲ್ಲಿದ್ದ ನೀರು ಬೊಗಸೆಯಿಂದ ಜಾರಿದ್ದು ನನಗೇ ತಿಳಿಯಲಿಲ್ಲ. ಅಂದಿನಿಂದ ದಿನವೂ ಬೆಳಗಿನ ಬಸ್ಸು ಹಿಡಿದು ಅಲ್ಲಿಗೆ ಹೋಗುವುದು, ಸಂಧ್ಯಾವಂದನೆ ಮುಗಿಸುವುದು, ಅನಂತರ ಒಂದು ಗಂಟೆ ತೀರದ ಮೇಲೆ ನಡೆಯುವುದು. ಪರದೇಶದಲ್ಲಿ ಇದು ನನಗೆ ದೊರೆತ ಗುಡಿ.

ಒಂದು ಬೆಳಗ್ಗೆ ನಡೆಯುತ್ತ ತಲೆ ಸುತ್ತಿದಂತಾಯಿತು. ಬೆಂಚಿನ ಮೇಲೆ ಕುಳಿತೆ ಎಂದು ನನಗೆ ನೆನಪು. ಓಡಲು ಬಂದಿದ್ದ ಹೆಂಗಸೊಬ್ಬಳು ನನ್ನನ್ನು ಕಂಡದ್ದು ಬೆಂಚಿನ ಕೆಳಗೆ. ಆ ಪುಣ್ಯವತಿ ನನ್ನ ಜೇಬಿನ ಚೀಟಿಯಲ್ಲಿದ್ದ ಸಂಖ್ಯೆಗೆ ಫೋನು ಮಾಡಿದಳು. ಸುಧಾ ಒನ್-ನಾರ್ತ್‌ನ ತನ್ನ ಪ್ರಯೋಗಾಲಯದಿಂದ, ದ್ವೀಪದ ಆ ಕಡೆಯಿಂದ ಈ ಕಡೆಗೆ, ಬಿಳಿಯ ಕೋಟನ್ನೂ ಕಳಚದೆ ಟ್ಯಾಕ್ಸಿಯಲ್ಲಿ ಬಂದಳು. ವೈದ್ಯರು ಪರೀಕ್ಷಿಸಿ, ದೇಹದಲ್ಲಿ ನೀರೇ ಇಲ್ಲವೆಂದೂ, ಈ ಸೆಕೆಯಲ್ಲಿ ನಡೆಯುವಾಗ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕೆಂದೂ ವಿಧಿಸಿದರು. ಮನೆಗೆ ಬಂದ ಮೇಲೆ ಸುಧಾ ತನ್ನ ಶಾಸನವನ್ನು ಹೊರಡಿಸಿದಳು. ನಮ್ಮ ಮನೆತನದಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು ರೂಢಿ.

“ಅಣ್ಣ, ಕ್ಲಿಯರ್ ಆಗಿ ಹೇಳ್ಬಿಡ್ತೀನಿ. ನೀರು ಬೆನ್ನ ಮೇಲಿದ್ರೆ ಪಾಸಿರ್ ರಿಸ್. ಇಲ್ಲಾಂದ್ರೆ ಕೆಳಗಡೆ ವಾಯ್ಡ್ ಡೆಕ್‌ನಲ್ಲಿ ಹತ್ತು ಸುತ್ತು ಹಾಕಿ, ಸಾಕು. ಇನ್ನೊಂದ್ಸಲ ಹೀಗಾದ್ರೆ ಬೀಚ್ ಬಂದ್.”

ಕಟ್ಟಡದ ಬುಡದಲ್ಲಿ ಕಂಬಗಳ ನಡುವೆ ಬಿಟ್ಟಿರುವ ಬಯಲಿಗೆ ಇಲ್ಲಿ ವಾಯ್ಡ್ ಡೆಕ್ ಎನ್ನುತ್ತಾರೆ. ಅಲ್ಲಿ ಸಮುದ್ರವಿಲ್ಲ, ಸೂರ್ಯನಿಲ್ಲ, ಸೈಕಲ್ಲುಗಳಿವೆ. ನಾನು ಕೂಡಲೇ ಒಪ್ಪಿಕೊಂಡೆ.

ನೀರು ಬೆನ್ನಿಗೇರಿದ್ದು ಅಳಿಯ ಮುರಳಿಯಿಂದ. ಅವನು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಪರ್ವತಾರೋಹಣ ಅವನ ಹವ್ಯಾಸ. ಒಂದು ಪರ್ವತವನ್ನು ಹತ್ತಿ ಇಳಿದ ಮೇಲೆ ಮೊಣಕಾಲು ಅಸಮ್ಮತಿ ಸೂಚಿಸಿದ್ದರಿಂದ ಹವ್ಯಾಸ ಅಲ್ಲಿಗೇ ನಿಂತು, ಸಲಕರಣೆಗಳು ಬೀರುವಿನಲ್ಲಿ ಉಳಿದಿದ್ದವು. ಅವುಗಳಲ್ಲಿ ಒಂದು ಈ ಚೀಲ. ಹೊರಗೆ ನೋಡಿದರೆ ಶಾಲೆಯ ಮಕ್ಕಳ ಬೆನ್ನುಚೀಲದ ತಮ್ಮ. ಒಳಗೆ ಮೆತ್ತನೆಯ, ಪಾರದರ್ಶಕವಾದ ಇನ್ನೊಂದು ಚೀಲ. ಅದಕ್ಕೆ ಒಂದು ಅಗಲವಾದ ಬಾಯಿ, ತಿರುಗಿಸುವ ಮುಚ್ಚಳ. ಬುಡದಿಂದ ಹೊರಟು ಹೆಗಲ ಮೇಲೆ ಹಾದು ತುಟಿಯ ಬಳಿ ಬಂದು ನಿಲ್ಲುವ ಒಂದು ನೀಳವಾದ ಕೊಳವೆ. “ಮಾವ, ಬಾಟಲ್ ತೆಗೆಯೋ ತಾಪತ್ರಯಾನೇ ಇಲ್ಲ. ನಡೀತಾ ನಡೀತಾ ಟ್ಯೂಬ್ ಕಚ್ಚಿ, ಎಳೀರಿ. ಅಷ್ಟೇ!” ಎಂದು ಮುರಳಿ ಉತ್ಸಾಹದಿಂದ ವಿವರಿಸಿ, ಮರುದಿನವೇ ಹಾಂಕಾಂಗಿಗೆ ಕೆಲಸದ ಮೇಲೆ ಹೊರಟುಹೋದ. ಕಚ್ಚಿ ಎಳೆಯುವುದು! ಎತ್ತಿ ಕುಡಿಯುವ ವಂಶದಲ್ಲಿ ಹುಟ್ಟಿ, ನನ್ನ ತುಟಿಗೆ ತಾಗಿದ್ದನ್ನು ಮತ್ತೆ ತುಟಿಗೆ ತಾಗಿಸುವುದು! ಎರಡು ದಿನ ಯೋಚಿಸಿದೆ. ಕೊನೆಗೆ, ಔಷಧಕ್ಕೆ ನಿಯಮದ ಸಡಿಲಿಕೆಯುಂಟು, ವೈದ್ಯರು ಹೇಳಿದ ನೀರು ಔಷಧಕ್ಕೆ ಸಮಾನ ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಪಂಡಿತನಾಗಿರುವುದರ ಅನುಕೂಲ ಇದು. ತನಗೆ ಬೇಕಾದ ಅಪ್ಪಣೆಗಾಗಿ ಇನ್ನೊಬ್ಬರ ಮನೆಗೆ ಹೋಗಬೇಕಾಗಿಲ್ಲ.

ಜಾನಕಿಯ ಅಪ್ಪಣೆ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. “ಏನೂಂದ್ರೆ, ಈ ವಯಸ್ಸಲ್ಲಿ ಹಸುಗೂಸಿನ ಹಾಗೆ ಚೀಪ್ಕೊಂಡು ಬೀದೀಲಿ ನಡೀತೀರಾ? ನಡೀರಿ, ನಂಗೇನು. ಆದ್ರೆ ಆ ಎಂಜಲು ಕೊಳವೆ ನನ್ನ ಅಡುಗೆಮನೆ ಹೊಸಲು ದಾಟಕೂಡ್ದು. ಈಗಲೇ ಹೇಳಿದೀನಿ” ಎಂದಳು. ಅಡುಗೆಮನೆ ಹೀಗೆ ಮುಚ್ಚಿತು. ಉಳಿದದ್ದು ಬಚ್ಚಲು. ಕುಡಿಯುವ ನೀರಿನ ಪಾತ್ರೆಯನ್ನು ಬಚ್ಚಲಿಗೆ ಒಯ್ಯಲು ನನ್ನ ಮನಸ್ಸು ಒಪ್ಪಲಿಲ್ಲ. ಹೀಗಾಗಿ ದಿನವೂ ಬೆಳಗ್ಗೆ ನಾನು ಅಡುಗೆಮನೆಯ ಹೊಸಲಿನ ಈಚೆ ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುವುದು, ಅವಳು ಆಚೆ ನಿಂತು ಚೆಂಬನ್ನು ಒಂದು ಮೊಳ ಮೇಲೆತ್ತಿ ಧಾರೆಯೆರೆಯುವುದು ಎಂದಾಯಿತು. ಕನ್ಯಾದಾನದಲ್ಲಿಯೂ ಅಷ್ಟು ಎಚ್ಚರಿಕೆಯಿಂದ ಅವಳು ಧಾರೆ ಎರೆದಿರಲಿಲ್ಲ. ಅರ್ಧ ಚೀಲಕ್ಕೆ, ಅರ್ಧ ನನ್ನ ಪಾದಕ್ಕೆ. ಚೀಲ ತುಂಬುವುದಕ್ಕೆ ಹೀಗೆ ಒಂದು ವಿಧಿ ಏರ್ಪಟ್ಟಿತು. ತೊಳೆಯುವುದಕ್ಕೆ ಮನೆಯಲ್ಲಿ ಜಾಗವೇ ಇಲ್ಲವೆಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ನಡಿಗೆಯಿಂದ ಬಂದ ಮೇಲೆ ಹೊರಮೈಯನ್ನು ಶುಭ್ರವಾದ ವಸ್ತ್ರದಿಂದ ಒರೆಸಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದೆ.

ಈಗ ನನ್ನ ಮೂಲ ಅಪರಾಧಕ್ಕೆ ಬರುತ್ತೇನೆ. ಮನೆಯಲ್ಲಿ ನೀರಿನ ಪಾತ್ರೆಯನ್ನು ಪೂರ್ತಿ ಬರಿದು ಮಾಡಿ ಇಡಬಾರದು ಎಂದು ನಮ್ಮ ತಾಯಿ ಕಲಿಸಿದ್ದರು. ಹಂಡೆಯಾಗಲಿ, ಕೊಡವಾಗಲಿ, ತಳದಲ್ಲಿ ಒಂದು ಬೊಗಸೆಯಾದರೂ ಇರಬೇಕು. ಬರಿದಾದ ಪಾತ್ರೆ ಮನೆಗೆ ಬರಿದನ್ನೇ ಕರೆಯುತ್ತದೆ ಎಂದು ಅವರ ನಂಬಿಕೆ. ಈ ಚೀಲ ನೀರಿನ ಪಾತ್ರೆಯೋ ಅಲ್ಲವೋ? ಹೌದು. ಆದ್ದರಿಂದ ನಡಿಗೆ ಮುಗಿದ ಮೇಲೆ ಅದರಲ್ಲಿ ಒಂದು ಬೊಗಸೆ ನೀರನ್ನು ಶ್ರದ್ಧೆಯಿಂದ ಉಳಿಸುತ್ತಿದ್ದೆ. ಉಳಿದ ನೀರು ತಂಗಳಾಗುವುದಲ್ಲ ಎಂಬ ಸಂಶಯಕ್ಕೂ ನನ್ನಲ್ಲಿ ಪರಿಹಾರವಿತ್ತು: ತುಳಸಿ ಬಿದ್ದ ನೀರಿಗೆ ತಂಗಳಿನ ದೋಷವಿಲ್ಲ. ಎರಡು ದಳ ತುಳಸಿ ಹಾಕಿದೆ. ತುಳಸಿ ಹಾಕಿದ ಮೇಲೆ ಚಿಟಿಕೆ ಪಚ್ಚಕರ್ಪೂರವೇಕೆ ಬೇಡ? ಅದನ್ನೂ ಹಾಕಿದೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ಬೆಳಗ್ಗೆ ಅದರ ಮೇಲೆಯೇ ಹೊಸ ನೀರು. ಹಳೆಯ ದಳ ಹೊರಗೆ ಬಾರದಿದ್ದರೆ ಸಾಯಂಕಾಲ ಅದರ ಜೊತೆಗೆ ಹೊಸ ದಳ. ಮೊದಲ ವಾರ ನೀರು ಘಮಘಮಿಸುತ್ತಿತ್ತು. ತೀರದ ಮೇಲೆ ನಡೆಯುತ್ತ ತೀರ್ಥ ಸೇವಿಸುವ ಭಾಗ್ಯ ಎಷ್ಟು ಮಂದಿಗುಂಟು ಎಂದು ಹಿಗ್ಗುತ್ತಿದ್ದೆ. ಎರಡನೆಯ ವಾರ ಘಮದ ಸ್ವರೂಪ ಸ್ವಲ್ಪ ಬದಲಾಯಿತು. ತೀರ್ಥ ಗಾಢವಾಗುತ್ತಿದೆ ಎಂದುಕೊಂಡೆ. ಜಾನಕಿ ಧಾರೆಯೆರೆಯುವಾಗ ಮೂಗು ಮುರಿದು, “ಇದೇನು, ಮಳೇಲಿ ಒಣಗದೆ ಇರೋ ಪಂಚೆ ವಾಸನೆ?” ಎಂದು ಕೇಳಿದಳು. ಅವಳಿಗೆ ನೆಗಡಿಯಾಗಿರಬೇಕೆಂದು ಹೇಳಿದೆ.

ಮೂರನೆಯ ವಾರ ಕಳೆಯುವ ಹೊತ್ತಿಗೆ, ನಡಿಗೆ ಮುಗಿಸಿ ಹಿಂತಿರುಗುವ ಬಸ್ಸಿಗಾಗಿ ನಿಂತಿದ್ದೆ. ಬಿಸಿಲು ಓರೆಯಾಗಿ ಬಿದ್ದು ಕೊಳವೆ ಬೆಳಗಿತು. ಅದರ ಒಳಮೈಯಲ್ಲಿ ಉದ್ದಕ್ಕೂ ಸಾಸಿವೆ ಸಿಡಿಸಿದಂತೆ ಕಪ್ಪು ಚುಕ್ಕೆಗಳು. ಉಜ್ಜಿದೆ, ಹೊರಗಿನವಲ್ಲ. ಒಳಚೀಲವನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಮಡಿಕೆಗಳಲ್ಲೆಲ್ಲ ಬೂದುಬಣ್ಣದ ಮೋಡ. ತುಳಸಿಯ ದಳವೊಂದು ಜಡೆ ಬಿಟ್ಟುಕೊಂಡು ಕುಳಿತಿದೆ. ನನಗೆ ಮೊದಲು ಭಯವಾದದ್ದು ಬೂಷ್ಟಿಗಲ್ಲ, ಸುಧಾಳಿಗೆ. ಏಕೆಂದರೆ, ಓದುಗರಿಗೆ ಇದುವರೆಗೆ ಹೇಳದೆ ಉಳಿಸಿದ್ದೇನೆ, ಒನ್-ನಾರ್ತ್‌ನ ಪ್ರಯೋಗಾಲಯದಲ್ಲಿ ನನ್ನ ಮಗಳು ಸಂಶೋಧನೆ ನಡೆಸುವುದು ಬೂಷ್ಟುಗಳ ಮೇಲೆಯೇ. ಅವುಗಳ ಹೆಸರು, ಕುಲ, ಗೋತ್ರ ಎಲ್ಲವೂ ಅವಳಿಗೆ ಗೊತ್ತು. ಈ ಚೀಲ ಅವಳ ಕಣ್ಣಿಗೆ ಬಿದ್ದರೆ ನನ್ನ ಪಾಸಿರ್ ರಿಸ್ ಮುಗಿಯಿತು; ಮತ್ತೆ ಆ ಕಿಟಕಿ, ಆ ಗಳುಗಳು, ಆ ಒಳಉಡುಪುಗಳು. ಹೇಳಿಬಿಡುವುದು ಸರಿಯಾದ ದಾರಿ ಎಂದು ನನಗೆ ತಿಳಿದಿತ್ತು. ಮುಚ್ಚಿಡಲು ನಿಶ್ಚಯಿಸಿದೆ.

ಅಂದು ಮಧ್ಯಾಹ್ನ, ಮಗಳು ಕೆಲಸದಲ್ಲಿ, ಹೆಂಡತಿ ನಿದ್ರೆಯಲ್ಲಿ ಇರುವಾಗ, ಮೊದಲು ಅಂಟುವಾಳದ ಪುಡಿ ಹಾಕಿ ಕುಲುಕಿದೆ. ನೊರೆ ಬಂತು, ಮೋಡ ಕದಲಲಿಲ್ಲ. ಅನಂತರ ಹುಣಿಸೆಹಣ್ಣಿನ ರಸ. ತಾಮ್ರವನ್ನು ಬಂಗಾರ ಮಾಡುವ ಹುಣಿಸೆ ಪ್ಲಾಸ್ಟಿಕ್ಕನ್ನು ಕಂದು ಮಾಡಿತು, ಅಷ್ಟೆ. ಕೊಳವೆಯಂತೂ ಕಿರುಬೆರಳಿಗೂ ನಿಲುಕದು. ಒಣಗಿದರೆ ತಾನಾಗಿ ಉದುರೀತೆಂದು, ಎಂದೂ ಮಾಡದ ಸಾಹಸ ಮಾಡಿ ಬಿದಿರುಗಳುವಿಗೆ ಚೀಲವನ್ನು ಕಟ್ಟಿ, ಬಾಯಿ ಮೇಲೆ ಮಾಡಿ, ಕಿಟಕಿಯ ಹೊರಗೆ ಚಾಚಿದೆ. ಚೆನ್ನಾದ ಬಿಸಿಲಿತ್ತು. ಒಳಗೆ ಬಂದು ಹತ್ತು ನಿಮಿಷ ಕಣ್ಣು ಮುಚ್ಚಿದೆ. ಸಿಂಗಪುರದ ಮಳೆ ಮುನ್ಸೂಚನೆ ಕೊಡುವ ಸೌಜನ್ಯವನ್ನು ಬೆಳೆಸಿಕೊಂಡಿಲ್ಲ. ಎದ್ದು ನೋಡಿದರೆ ಚೀಲ ಕಂಠಪೂರ್ತಿ ತುಂಬಿ, ಗಳುವನ್ನು ಬಗ್ಗಿಸಿಕೊಂಡು ತೂಗುತ್ತಿದೆ. ಜಾನಕಿ ಎಂದೂ ಅಷ್ಟು ತುಂಬಿಸಿರಲಿಲ್ಲ.

ಅದನ್ನು ಒಳಗೆಳೆದುಕೊಂಡು, ಹೊರಗಿನ ಓಣಿಯ ಗಿಡಕುಂಡಗಳಿಗೆ ಸುರಿಯುತ್ತಿರುವಾಗ ಪಕ್ಕದ ಮನೆಯ ಓಂಗ್ ಅವರು ಕಂಡರು. ನನ್ನ ವಯಸ್ಸಿನವರೇ, ನಿವೃತ್ತರು, ಬಾಗಿಲ ಮುಂದೆ ಒಂದು ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದಾರೆ. ನಾನು ಅವರಿಗೆ ಅಂಕಲ್, ಅವರು ನನಗೂ ಅಂಕಲ್. ಅವರು ಚೀಲವನ್ನು ಕೈಗೆ ತೆಗೆದುಕೊಂಡು, ಕೊಳವೆಯನ್ನು ಬೆಳಕಿಗೆ ಹಿಡಿದು, “ಅಯ್ಯೋ!” ಎಂದರು. ಚೀನೀ ಮನೆಮಾತಿನವರಾದರೂ ಇಲ್ಲಿಯ ಜನ ಅಯ್ಯೋ ಎನ್ನುವುದನ್ನು ನಮ್ಮಷ್ಟೇ ಮನಸ್ಸಿಟ್ಟು ಅನ್ನುತ್ತಾರೆ. “ಅಂಕಲ್, ಯು ಡ್ರಿಂಕ್ ದಿಸ್ ಒನ್ ಆ? ಮೈ ಫಿಶ್ ಆಲ್ಸೋ ಡೋಂಟ್ ವಾಂಟ್ ಲಾ!” ತಮ್ಮ ಮೀನೂ ಇದನ್ನು ಮೂಸಿ ನೋಡದು ಎಂಬ ಈ ತೀರ್ಪನ್ನು ನಾನು ತಲೆಬಾಗಿ ಸ್ವೀಕರಿಸಿ, ಪರಿಹಾರ ಕೇಳಿದೆ. ಮೀನಿನ ತೊಟ್ಟಿಗೆ ಗಾಳಿ ಊದುವ ಕೊಳವೆಗಳನ್ನು ಇಪ್ಪತ್ತು ವರ್ಷಗಳಿಂದ ತೊಳೆದವರು ಅವರು. ಒಳಚೀಲಕ್ಕೆ ಅಡುಗೆಸೋಡ, ನಿಂಬೆರಸ, ಬಿಸಿನೀರು. ಅರ್ಧ ಗಂಟೆ ಬಿಟ್ಟು ಕುಲುಕಬೇಕು. ಕೊಳವೆಗೆ ದಾರ, ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿ ಎಳೆಯಬೇಕು. ಇಷ್ಟು ಹೇಳಿ, ಬೆರಳೆತ್ತಿ, “ವಾಶ್ ಈಸಿ. ಡ್ರೈ, ದಟ್ ಒನ್ ಹಾರ್ಡ್. ಇನ್‌ಸೈಡ್ ಮಸ್ಟ್ ಓಪನ್, ಏರ್ ಮಸ್ಟ್ ಗೋ” ಎಂದು ಮುಗಿಸಿದರು. ಒಳಗೋಡೆಗಳು ಒಂದಕ್ಕೊಂದು ಅಂಟದಂತೆ ನಡುವೆ ಏನನ್ನಾದರೂ ನಿಲ್ಲಿಸಿ, ಗಾಳಿ ಆಡಲು ಬಿಡಬೇಕೆಂದು ತಾತ್ಪರ್ಯ. ಇಷ್ಟು ಸಂಕ್ಷೇಪವಾಗಿ, ಇಷ್ಟು ಸ್ಪಷ್ಟವಾಗಿ ನಾನು ಒಂದು ತರಗತಿಯನ್ನೂ ನಡೆಸಿದವನಲ್ಲ.

ದಾರಕ್ಕೆ ನನ್ನಲ್ಲಿ ಬರವಿಲ್ಲ. ಜನಿವಾರಕ್ಕಾಗಿ ದಿನವೂ ತಕಲಿಯಲ್ಲಿ ನೂಲು ತೆಗೆಯುವುದು ನನ್ನ ವ್ರತ; ಹೊಸೆಯುವುದಕ್ಕೆ ಮುಂಚಿನ, ಮಂತ್ರ ಸೋಕದ ನೂಲು ಒಂದು ಲಡಿ ಪೆಟ್ಟಿಗೆಯಲ್ಲಿತ್ತು. ಮೂರೆಳೆ ಕೂಡಿಸಿ ಹುರಿ ಮಾಡಿದೆ. ತುದಿಯನ್ನು ಕೊಳವೆಯೊಳಕ್ಕೆ ಬಿಟ್ಟು ಮೇಲಿನಿಂದ ನೀರು ಹೊಯ್ದರೆ, ನೀರಿನ ಜೊತೆಗೆ ಹುರಿಯೂ ಸರಸರನೆ ಇಳಿದು ಆ ಕಡೆ ಮೂಗು ತೋರಿಸಿತು. ಹಳೆಯ ಪಂಚೆಯ ಅಂಚು ಹರಿದು, ಸೋಡದಲ್ಲಿ ಅದ್ದಿ, ಕಟ್ಟಿ ಎಳೆದೆ. ಹೊರಬಂದ ಕಪ್ಪನ್ನು ಕಂಡು ನನ್ನ ಹೊಟ್ಟೆಯ ಸಹನೆಗೆ ಕೈಮುಗಿದೆ. ಹತ್ತಾರು ಸಲ ಎಳೆದ ಮೇಲೆ ಕೊಳವೆ ಸ್ಫಟಿಕದಂತಾಯಿತು. ಒಳಚೀಲವೂ ತಿಳಿಯಾಯಿತು. ಉಳಿದದ್ದು ಒಣಗಿಸುವುದು. ಒಳಗೆ ನಿಲ್ಲಿಸಲು ಏನಿದೆ? ಸೌಟು ಹಾಕಿದೆ, ಕಿರಿದು. ಮಂತ್ರಾಕ್ಷತೆಯ ಬಟ್ಟಲು ಬಾಯಲ್ಲಿ ಹಿಡಿಸದು. ಆಗ ಅಡುಗೆಮನೆಯ ಗೋಡೆಗೆ ಒರಗಿದ್ದ ಕಡಗೋಲು ಕಣ್ಣಿಗೆ ಬಿತ್ತು. ಅದರ ತಲೆ ಅರಳಿದ ಮೊಗ್ಗಿನಂತೆ. ಬಾಯಿಗೆ ಸರಿಯಾಗಿ ಹಿಡಿಸಿ, ಒಳಗೆ ಹೋಗಿ ಗೋಡೆಗಳನ್ನು ನಾಲ್ಕೂ ಕಡೆ ಅಗಲಿಸಿತು. ದಂಡವನ್ನು ಕೊಡೆ ಇಡುವ ಪೀಪಾಯಿಯಲ್ಲಿ ನೆಟ್ಟು, ಮುಂದೆ ಮೇಜಿನ ಫ್ಯಾನು ತಿರುಗಿಸಿದೆ. ಬೋರಲಾದ ಚೀಲ ಒಂಟಿಗಾಲಿನಲ್ಲಿ ನಿಂತು ತಪಸ್ಸು ಮಾಡುವ ಋಷಿಯಂತೆ ಅಲುಗಾಡದೆ ನಿಂತಿತು. ಅದನ್ನು ನೋಡುತ್ತ ನಾನು ಎಷ್ಟು ತನ್ಮಯನಾದೆನೆಂದರೆ, ಜಾನಕಿ ಎದ್ದದ್ದೂ ತಿಳಿಯಲಿಲ್ಲ, ಅಂದು ಬೇಗನೆ ಮನೆಗೆ ಬಂದ ಸುಧಾ ಬಾಗಿಲು ತೆರೆದದ್ದೂ ತಿಳಿಯಲಿಲ್ಲ.

“ನನ್ನ ಕಡಗೋಲು!” ಎಂದಳು ಜಾನಕಿ. ಆ ಕಡಗೋಲು ಅವಳ ತಾಯಿಯದು. ರೇಷ್ಮೆ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು.

“ಅಣ್ಣ, ಇದೇನಿದು?” ಎಂದಳು ಸುಧಾ.

“ಒಣಗುತ್ತಿದೆ” ಎಂದೆ. ಅದಕ್ಕಿಂತ ಹೆಚ್ಚಿನ ಸತ್ಯ ಆ ಕ್ಷಣಕ್ಕೆ ಒದಗಲಿಲ್ಲ.

“ಎಂಜಲು ಚೀಲದೊಳ್ಗೆ ಕಡಗೋಲು ತೂರಿಸ್ದೋರು ಈ ಪ್ರಪಂಚದಲ್ಲಿ ನೀವೊಬ್ರೇ ಕಣ್ರೀ! ನಾಳೆ ಶುಕ್ರವಾರ, ಬೆಣ್ಣೆ ತೆಗೀಬೇಕು ಅಂತಿದ್ದೆ!”

ಸುಧಾ ನೆಲದ ಮೇಲಿದ್ದ ಪಂಚೆಯ ಚೂರುಗಳನ್ನು ಎತ್ತಿ ನೋಡಿದಳು. ಅವಳು ಓದಬಲ್ಲ ಲಿಪಿ ಅದು. “ಎಷ್ಟು ದಿನದಿಂದ?” ಎಂದು ಕೇಳಿದಳು. ಮೂರು ವಾರ ಎಂದೆ. “ದಿನಾ ನೀರು ಖಾಲಿ ಮಾಡ್ತಿದ್ರಿ ತಾನೆ?” ನಾನು ಫ್ಯಾನಿನ ಕಡೆ ನೋಡಿದೆ. ಅನಂತರ ಎಲ್ಲವನ್ನೂ ಹೇಳಿದೆ: ತಾಯಿಯ ಮಾತು, ಉಳಿಸಿದ ಬೊಗಸೆ, ತುಳಸಿ, ಪಚ್ಚಕರ್ಪೂರ, ಬಸ್ಸಿನ ನಿಲ್ದಾಣ, ಮಳೆ, ಮೀನು. ಕೊನೆಗೆ, “ನಿಲ್ಲಿಸುವುದಾದರೆ ನಿಲ್ಲಿಸಮ್ಮ, ತಪ್ಪು ನನ್ನದು. ಆದರೆ ಅಲ್ಲಿ ಒಂದು ಬೆಳಗು ನಿಂತವನಿಗೆ ಆ ಕಿಟಕಿಗೆ ಹಿಂತಿರುಗುವುದು ಬಹಳ ಕಷ್ಟ” ಎಂದೆ.

ಸುಧಾ ಪಕ್ಕದಲ್ಲಿ ಕುಳಿತಳು. “ಅವತ್ತು ಟ್ಯಾಕ್ಸೀಲಿ ಬರೋವಾಗ ನಂಗೆ ಏನೇನೆಲ್ಲ ಯೋಚನೆ ಬಂತು ಗೊತ್ತಾ ಅಣ್ಣ? ಈ ಬೂಷ್ಟಿಗೆ ನಂಗೇನೂ ಭಯ ಇಲ್ಲ, ದಿನಾ ಅದರ ಜೊತೆನೇ ಇರ್ತೀನಿ. ನೀವು ಮುಚ್ಚಿಟ್ಟುಬಿಟ್ರೆ ನಾನೇನ್ ಮಾಡ್ಲಿ?” ಎಂದಳು. ನಾನು ಉಳಿದ ಹುರಿಯನ್ನು ಬೆರಳಿಗೆ ಸುತ್ತತೊಡಗಿದೆ. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ; ನಗುತ್ತಿದ್ದಳು. “ಕತ್ತಲೆ, ತೇವ, ಬೆನ್ನಿನ ಶಾಖ, ತಿನ್ನಕ್ಕೆ ತುಳಸಿ, ದಿನಾ ಫ್ರೆಶ್ ನೀರು. ನಮ್ಮ ಲ್ಯಾಬಲ್ಲಿ ಇಷ್ಟು ಹುಲುಸಾಗಿ ಬೆಳೆಸಕ್ಕೆ ಎಷ್ಟು ಒದ್ದಾಡ್ತೀವಿ ಅಣ್ಣ! ಪ್ರೀತಿಯಿಂದ ಸಾಕಿದೀರ.”

“ಸಾಕದೆ ಏನು? ಅವರಿಗೆ ಮನೇಲಿ ಬೇರೆ ಕೆಲಸ ಏನಿದೆ?” ಎಂದಳು ಜಾನಕಿ, ಕಡಗೋಲನ್ನು ಅರಿಸಿನದ ನೀರಿನಲ್ಲಿ ಕುದಿಸಲು ಒಯ್ಯುತ್ತ.

ಅನಂತರ ನಡೆದದ್ದನ್ನು ನಾನು ಮರೆಯಲಾರೆ. ದುಡಿದು ಬಂದ ಮಗಳು ಕೂದಲು ಬಿಗಿದು ಕಟ್ಟಿ, ಮೊಣಕೈವರೆಗೆ ಕೈ ತೊಳೆದು, ತಾಯಿಯ ಅಪ್ಪಣೆ ಪಡೆದು ಚೀಲವನ್ನು ಅಡುಗೆಮನೆಯ ತೊಟ್ಟಿಗೆ ತಂದು, ನನಗೆ ಪಾಠ ಶುರುಮಾಡಿದಳು. ಮುಚ್ಚಳವನ್ನು ಎಲ್ಲೆಂದರಲ್ಲಿ ಇಡಲಿಲ್ಲ. ಒಳಮೈ ಮೇಲೆ ಬರುವಂತೆ, ಒಗೆದ ಬಟ್ಟೆಯ ಮೇಲೆ ಇಟ್ಟಳು. ಚೀಲದ ಬಾಯನ್ನು ಒಮ್ಮೆಯೂ ಬೆರಳಿನಿಂದ ಮುಟ್ಟಲಿಲ್ಲ. ಕಚ್ಚುವ ತುದಿಯನ್ನು ಕಳಚಿ, ಬೇರೆಯಾಗಿ ತೊಳೆದು, ಬೇರೆಯಾಗಿ ಇಟ್ಟಳು. ನಡುವೆ ಮೂಗು ತುರಿಸಿದ್ದಕ್ಕೆ ಮತ್ತೆ ಕೈ ತೊಳೆದಳು. ನಾನು ಬೆರಗಾಗಿ ನಿಂತೆ. ನನ್ನ ಅಜ್ಜಿ ಮಡಿಯಲ್ಲಿ ಅಡುಗೆ ಮಾಡುವಾಗ ಮಾತ್ರ ಇಷ್ಟು ಎಚ್ಚರವನ್ನು ಕಂಡಿದ್ದೆ. “ಇಷ್ಟು ಮಡಿ ನಿನಗೆ ಯಾರು ಕಲಿಸಿದರಮ್ಮ?” ಎಂದು ಕೇಳಿದೆ.

“ಯಾರು ಅಂದ್ರೆ? ನೀವೇ. ‘ಮುಟ್ಟಬೇಡ, ಅಲ್ಲಿಡಬೇಡ, ಮತ್ತೆ ಕೈ ತೊಳಿ’ ಅಂತ ಚಿಕ್ಕೋಳಿದ್ದಾಗ ಎಷ್ಟು ಬೈಸ್ಕೊಂಡಿದೀನಿ! ಲ್ಯಾಬಲ್ಲಿ ಬೇರೆಯವರು ಮೂರು ತಿಂಗಳು ಕಲಿಯೋದನ್ನ ನಾನು ಮೊದಲನೇ ದಿನಾನೇ ಮಾಡ್ದೆ. ಆದ್ರೆ ಅಣ್ಣ, ಒಂದು ನೀವು ಕಲಿಸ್ಲಿಲ್ಲ. ತೊಳೆದ ಮೇಲೆ ಒಣಗಿಸ್ಬೇಕು. ತೇವ ಇರೋ ತನಕ ತೊಳೆದದ್ದು ಲೆಕ್ಕಕ್ಕಿಲ್ಲ.”

ಕಲಿಸಿರಲಿಲ್ಲ, ನಿಜ. ತಾಮ್ರ ತಾನಾಗಿ ಒಣಗುತ್ತಿತ್ತು. ಮೈಸೂರಿನ ಗಾಳಿ ನನ್ನ ಪರವಾಗಿ ಅರ್ಧ ಕೆಲಸ ಮಾಡುತ್ತಿತ್ತು. ನಾನು ಅದನ್ನು ನನ್ನ ಆಚಾರದ ಫಲವೆಂದು ಎಣಿಸಿ ಇಷ್ಟು ವರ್ಷ ಬೀಗಿದ್ದೆ. ಆ ಗಾಳಿಗೆ ಅಂದು ಇಲ್ಲಿಂದಲೇ ಕೃತಜ್ಞತೆ ಸಲ್ಲಿಸಿದೆ.

ನಡಿಗೆಯನ್ನು ಸುಧಾ ನಿಲ್ಲಿಸಲಿಲ್ಲ, ನಿಬಂಧನೆಗಳನ್ನು ವಿಧಿಸಿದಳು. ಬಂದ ಕೂಡಲೇ ಚೀಲ ಪೂರ್ತಿ ಖಾಲಿ, ತುಳಸಿ ದೇವರ ಮುಂದೆ ಮಾತ್ರ, ಬಿಸಿನೀರು, ಕೊಳವೆಗೆ ಹುರಿ, ಆಮೇಲೆ ಫ್ಯಾನು. ಸಾಯಂಕಾಲ ಅವಳ ತನಿಖೆ. ಚೀಲ ಬರಿದಾಗಿರಬೇಕೆಂಬಲ್ಲಿ ನನ್ನ ಮುಖ ಸಪ್ಪಗಾದದ್ದನ್ನು ಕಂಡವಳು ಜಾನಕಿ. ಅವಳು ಹೋಗಿ ಎರಡು ಹಳೆಯ ಮರದ ಸೌಟುಗಳನ್ನು ನನ್ನ ನೂಲಿನಿಂದಲೇ ಅಡ್ಡಡ್ಡ ಕಟ್ಟಿ ತಂದು, “ತಗೊಳ್ಳಿ, ಇದನ್ನ ಒಳಗೆ ನಿಲ್ಲಿಸ್ಕೊಳ್ಳಿ. ಕಡಗೋಲು ಮುಟ್ಟಿದ್ರೆ ನೋಡಿ ಮತ್ತೆ” ಎಂದಳು. ಆಮೇಲೆ ತಾಮ್ರದ ಚೆಂಬನ್ನು ತುಂಬಿ ಚೀಲದ ಪಕ್ಕದಲ್ಲಿಟ್ಟಳು. “ಚೀಲ ಬರಿದಾಗಿದ್ರೆ ಇರ್ಲಿ ಬಿಡಿ. ಪಕ್ಕದಲ್ಲಿ ತುಂಬಿದ ಚೆಂಬಿದೆ. ಅತ್ತೆ ಏನೂ ಅಂದ್ಕೊಳಲ್ಲ.” ಶಾಸ್ತ್ರವನ್ನು ಓದಿದವನಿಗೆ ಹೊಳೆಯದ ಪರಿಹಾರ, ಶಾಸ್ತ್ರ ಓದಿದವನೊಡನೆ ನಲವತ್ತೈದು ವರ್ಷ ಬಾಳಿದವಳಿಗೆ ಹೊಳೆಯಿತು.

ಮೊದಲ ಎರಡು ಸಾಯಂಕಾಲ ನಾನು ಅನುತ್ತೀರ್ಣನಾದೆ. ಸುಧಾ ಕಾಗದದ ಕರವಸ್ತ್ರವನ್ನು ಒಳಗೆ ತೂರಿಸಿ, ಹೊರತೆಗೆದು, ಬೆಳಕಿಗೆ ಹಿಡಿದು, “ಇನ್ನೂ ತೇವ ಇದೆ ಅಣ್ಣ, ಇನ್ನೊಂದ್ಸಲ” ಎನ್ನುವಳು. ಓಂಗ್ ಅವರು ಬಾಗಿಲಲ್ಲಿ ನಿಂತು, “ಅಂಕಲ್, ಟುಡೇ ಪಾಸ್ ಆರ್ ನಾಟ್?” ಎಂದು ವಿಚಾರಿಸುವರು. ಮೂರನೆಯ ದಿನ ಕಾಗದ ಹೋದ ಹಾಗೆಯೇ ಗರಿಗರಿಯಾಗಿ ಹೊರಬಂದಾಗ ನನಗಾದ ಸಂತೋಷ, ವಿದ್ವತ್ ಪರೀಕ್ಷೆಯ ಫಲಿತಾಂಶ ಬಂದಂದೂ ಆಗಿರಲಿಲ್ಲ. ಕ್ರಮೇಣ ಒಣಗಿಸುವ ಕಲೆಯಲ್ಲಿ ನನಗೆ ರುಚಿ ಹತ್ತಿತು. ಹನಿಯೊಂದೂ ಇಲ್ಲದ ಆ ಚೀಲವನ್ನು ಬೆಳಕಿಗೆ ಹಿಡಿದು ನೋಡುವುದೇ ಒಂದು ಸುಖ. ಉದ್ಯಾನದಲ್ಲಿ ಅಂಥ ಚೀಲ ಹೊತ್ತವರು ಕಂಡರೆ ನಿಲ್ಲಿಸಿ ವಿಧಿವಿಧಾನ ತಿಳಿಸಿದೆ. ಈಗ ಅವರು ಬೇರೆ ದಾರಿಯಲ್ಲಿ ನಡೆಯುತ್ತಾರೆ.

ನನ್ನ ನಡಿಗೆ ಇಂದಿಗೂ ನಿಂತಿಲ್ಲ. ಆದರೆ ಕಳೆದ ವಾರದ ಒಂದು ಬೆಳಗನ್ನು ಹೇಳದೆ ಬಿಟ್ಟರೆ ಮತ್ತೆ ಮುಚ್ಚಿಟ್ಟಂತಾದೀತು. ಅಂದು ಜಾನಕಿಗೆ ನಿಜವಾಗಿಯೇ ನೆಗಡಿ. ಮಲಗಿರು, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಚೀಲವನ್ನು ಮೊಳೆಯಿಂದ ಇಳಿಸಿ, ದೀಪಕ್ಕೆ ಹಿಡಿದು, ಅದರ ನಿರ್ಮಲತೆಯನ್ನು ಕಣ್ತುಂಬ ನೋಡಿ, ಬೆನ್ನಿಗೇರಿಸಿ ಹೊರಟೆ. ಸೂರ್ಯೋದಯ ದಿವ್ಯವಾಗಿತ್ತು. ಅರ್ಘ್ಯ ಬಿಟ್ಟು, ಅರ್ಧ ಗಂಟೆ ನಡೆದು, ವಿಧಿಯಂತೆ ಕೊಳವೆ ಕಚ್ಚಿ ಎಳೆದೆ. ಗಾಳಿ ಬಂತು. ಪರಿಶುದ್ಧವಾದ, ಬೂಷ್ಟಿನ ಲೇಶವೂ ಇಲ್ಲದ ಗಾಳಿ. ಸೆಕೆ ಏರುತ್ತಿತ್ತು, ಹಣೆಯ ನರ ಹೊಡೆದುಕೊಳ್ಳತೊಡಗಿತ್ತು. ಇನ್ನೊಂದು ಹೆಜ್ಜೆ ಇಡದೆ ನೆರಳಿನ ಬೆಂಚಿನ ಮೇಲೆ ಕುಳಿತು, ಮೊಬೈಲ್ ತೆಗೆದು, ಮಗಳಿಗೆ ಫೋನು ಮಾಡಿದೆ.

“ಸುಧಾ, ಚೀಲ ಪೂರ್ತಿ ಒಣಗಿದೆ.”

“ಹೂಂ ಅಣ್ಣ, ನಿನ್ನೆ ಸಾಯಂಕಾಲ ನಾನೇ ನೋಡಿ ಪಾಸ್ ಮಾಡಿದ್ನಲ್ಲ.”

“ಹೌದಮ್ಮ. ಈಗಲೂ ಹಾಗೆಯೇ ಇದೆ.”

“ಅಣ್ಣ... ಈಗ ಎಲ್ಲಿದೀರ?”

ಎಲ್ಲಿದ್ದೇನೆ, ಯಾವ ಮರದ ಕೆಳಗಿದ್ದೇನೆ, ತಲೆ ಎಷ್ಟು ಸುತ್ತುತ್ತಿದೆ ಎಂದು ಒಂದನ್ನೂ ಬಿಡದೆ ಹೇಳಿದೆ. “ಅಲ್ಲೇ ಕೂತಿರಿ. ಏಳ್ಬೇಡಿ. ಇನ್ನೂ ಮನೇಲೇ ಇದೀನಿ, ಚೆಂಬಲ್ಲೇ ನೀರು ತಗೊಂಡು ಟ್ಯಾಕ್ಸೀಲಿ ಬಂದ್ಬಿಡ್ತೀನಿ” ಎಂದಳು. ಬಾಗಿಲು ಹಾಕಿದ ಸದ್ದು, ಓಡುವ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಏದುಸಿರಿನ ನಡುವೆ ಅವಳ ನಗು. “ಮುಚ್ಚಿಡದೆ ಹೇಳಿದ್ದಕ್ಕೆ ಹತ್ತಕ್ಕೆ ಹತ್ತು, ಅಣ್ಣ. ನೀರಿಗೆ ಸೊನ್ನೆ.”

ಎರಡೂ ಸೇರಿ ನೂರಕ್ಕೆ ಐವತ್ತಾಯಿತು. ಮೈಸೂರಿನಲ್ಲಿ ನಾನು ಮೂವತ್ತೈದಕ್ಕೇ ಹುಡುಗರನ್ನು ದಾಟಿಸುತ್ತಿದ್ದೆ ಎಂದು ಅವಳಿಗೆ ನೆನಪಿಸಬೇಕೆಂದುಕೊಂಡೆ. ಆದರೆ ಬಾಯಿ ಒಣಗಿತ್ತು.